ದೊಡ್ಡ ಕ್ಯಾಮೆರಾಗೊಂದು ಚಿಕ್ಕ ಜೊತೆ

ಹೋದ ವಾರ ರಂಗನತಿಟ್ಟಿನಲ್ಲಿ ನೀನು ಕೊಕ್ಕರೆಗಳ ಹಿಂದೆ ಬಿದ್ದಿದ್ದಾಗ ನಾನು ದೋಣಿ ನಡೆಸುವವನ ಕೈ ನೋಡುತ್ತ ಕೂತಿದ್ದೆ. ಹುಟ್ಟಿನ ಹಿಡಿ ಅವನ ಅಂಗೈಗೆ ಸವೆದು ಸವೆದು ಕನ್ನಡಿಯ ಹಾಗಾಗಿತ್ತು. ಹುಟ್ಟು ಮೇಲೆ ಬಂದಾಗಲೆಲ್ಲ ನೀರು ಮಣಿಕಟ್ಟಿನಿಂದ ಮೊಣಕೈಗೆ ಇಳಿಯುತ್ತಿತ್ತು. ನೀನೂ ಅದನ್ನು ಗಮನಿಸಿದೆ. ಕ್ಯಾಮೆರಾ ಅತ್ತ ತಿರುಗಿಸಿದೆ, ಲೆನ್ಸ್ ಹಿಂದಕ್ಕೂ ಮುಂದಕ್ಕೂ ತಡಕಾಡಿತು, ಫೋಕಸ್ ಸಿಗದೆ ಸುಮ್ಮನೆ ಇಳಿಸಿಕೊಂಡೆ. ಸಿಗುವುದಾದರೂ ಹೇಗೆ? ನಿನ್ನ 200-500 ಮಿ.ಮೀ. ಲೆನ್ಸಿಗೆ 2.2 ಮೀಟರ್‌ಗಿಂತ ಹತ್ತಿರ ಇರುವುದು ಕಾಣುವುದೇ ಇಲ್ಲ. ಅವನಿದ್ದದ್ದು ಒಂದು ಮಾರಿಗೂ ಕಮ್ಮಿ ದೂರದಲ್ಲಿ.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆಯಲ್ಲ, ‘ಕೈಗೆಟುಕುವ ಬೆಲೆಯಲ್ಲಿ ಒಂದು ಚಿಕ್ಕ ಕ್ಯಾಮೆರಾ ತಗೊಳ್ಳೋಣ ಅಂತಿದೀನಿ, ಯಾವುದು ಒಳ್ಳೇದು’ ಅಂತ. ಅದಕ್ಕೆ ಇದು ನನ್ನ ಉತ್ತರ ಮಗೂ. ಸ್ವಲ್ಪ ಉದ್ದವಾಯಿತು, ಬಿಡುವಾಗಿ ಓದು.

ನಿನ್ನ ನಿಕಾನ್ ಡಿ7200, ಆ ಲೆನ್ಸು, ಎರಡೂ ಸೇರಿದರೆ ಮೂರು ಕೆಜಿ. ಅಷ್ಟನ್ನು ಹೆಗಲಿಗೇರಿಸಿಕೊಂಡು ಯಾರೂ ತರಕಾರಿ ತರಲು ಹೋಗುವುದಿಲ್ಲ, ಮದುವೆ ಮನೆಯ ಪಂಕ್ತಿಯಲ್ಲಿ ಕೂರುವುದಿಲ್ಲ. ಚಿಕ್ಕದರಿಂದ ನಿನಗೆ ಬೇಕಾಗಿರುವುದು ಆ ಹೊತ್ತಿನ ಚಿತ್ರಗಳು. ಅಂಗಡಿಯಲ್ಲಿ ನಿಂತಾಗ ಇದು ನೆನಪಿರಲಿ, ಯಾಕೆಂದರೆ ಅಲ್ಲಿ ಮೊದಲು ತೋರಿಸುವುದು ಝೂಮ್. 20 ಪಟ್ಟು, 30 ಪಟ್ಟು ಅನ್ನುತ್ತಾರೆ. ದೂರದ್ದನ್ನು ತೆಗೆಯಲು ನಿನ್ನ ಹತ್ತಿರ ಆಗಲೇ ಒಂದಿದೆ, ಅದಕ್ಕೆ ಇನ್ನೊಂದು ಸಲ ದುಡ್ಡು ಸುರಿಯಬೇಡ.

ನಾನು ಸುರಿದಿದ್ದೆ. 20 ಪಟ್ಟು ಝೂಮಿನ ಒಂದು ಪುಟ್ಟ ಕ್ಯಾಮೆರಾ ಕೊಂಡು ಅದೇ ವರ್ಷ ಮೇಲುಕೋಟೆಯ ವೈರಮುಡಿಗೆ ಹೋದೆ. ರಾತ್ರಿ, ದೀವಟಿಗೆ ಬೆಳಕು, ಮೈಗೆ ಮೈ ತಾಗುವ ಜನ. ಗರುಡನ ಮೇಲೆ ಚೆಲುವನಾರಾಯಣ ಬಂದ, ನಾನು ಕೈ ಮೇಲೆತ್ತಿ ತೆಗೆದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ದೇವರ ಮುಖದ ಮೇಲೆ ರವೆ ಚೆಲ್ಲಿದ ಹಾಗಿತ್ತು. ಒಂದೂ ಉಳಿಯಲಿಲ್ಲ. ಆ ರಾತ್ರಿ ಇವತ್ತಿಗೂ ನನ್ನ ಆಲ್ಬಮ್ಮಿನಲ್ಲಿಲ್ಲ.

ತಪ್ಪಿದ್ದು ಸೆನ್ಸರ್ ಅಳತೆಯಲ್ಲಿ. ಅಂಥ ಕ್ಯಾಮೆರಾಗಳೊಳಗಿನ ಸೆನ್ಸರ್ ಸುಮಾರು 6.2 ಮಿಲಿಮೀಟರ್ ಅಗಲ, 4.6 ಎತ್ತರ, ಒಂದು ತೊಗರಿ ಕಾಳಿನಷ್ಟು. ‘ಒಂದು ಇಂಚು’ ಎಂದು ಕರೆಯುವ ಸೆನ್ಸರ್ ನಿಜವಾಗಿ ಒಂದು ಇಂಚೇನೂ ಇಲ್ಲ, 13.2 ಅಗಲ, 8.8 ಎತ್ತರ. ಆದರೂ ವಿಸ್ತೀರ್ಣದಲ್ಲಿ ಮೊದಲಿನದಕ್ಕಿಂತ ನಾಲ್ಕು ಪಟ್ಟು. ನಿನ್ನ ಡಿ7200ರದು ಇದರ ಮೂರು ಪಟ್ಟು. ಕತ್ತಲಲ್ಲಿ ಕೆಲಸಕ್ಕೆ ಬರುವುದು ಈ ಜಾಗ. ಮಳೆಗೆ ಲೋಟ ಇಡುವುದಕ್ಕೂ ಕೊಳದಪ್ಪಲೆ ಇಡುವುದಕ್ಕೂ ಇರುವ ವ್ಯತ್ಯಾಸ ಅದು. ಮೆಗಾಪಿಕ್ಸೆಲ್ ಎಷ್ಟಾದರೂ ಇರಲಿ, ಒಂದು ಇಂಚಿಗಿಂತ ಕೆಳಗೆ ಇಳಿಯಬೇಡ.

ಇನ್ನು ಲೆನ್ಸು. 1959ರಲ್ಲಿ ಜಪಾನಿನ ಒಲಿಂಪಸ್ ಕಂಪನಿ ‘ಪೆನ್’ ಎಂಬ ಪುಟ್ಟ ಕ್ಯಾಮೆರಾ ತಂದಿತು. 6,000 ಯೆನ್ನಿಗೆ ಮಾರುವಂತಿರಬೇಕು ಅನ್ನುವುದು ಗುರಿಯಾಗಿತ್ತು. 36 ಚಿತ್ರದ ರೋಲಿನಲ್ಲಿ 72 ಚಿತ್ರ ಬರುತ್ತಿತ್ತು, ಒಂದು ಫ್ರೇಮನ್ನು ಅರ್ಧ ಮಾಡುತ್ತಿದ್ದರಿಂದ. ಅದನ್ನು ರೂಪಿಸಿದ ಯೋಶಿಹಿಸಾ ಮೈತಾನಿ ಸ್ವತಃ ಲೈಕಾ ಬಳಸುತ್ತಿದ್ದ ಯುವಕ. ಅಗ್ಗದ ಕ್ಯಾಮೆರಾ ಎಂದು ಲೆನ್ಸಿನಲ್ಲಿ ಜಿಪುಣತನ ಮಾಡಲಿಲ್ಲ. ಉಳಿತಾಯವನ್ನೆಲ್ಲ ಮಿಕ್ಕ ಭಾಗಗಳಲ್ಲಿ ಹುಡುಕಿದ. ಚಿಕ್ಕ ಕ್ಯಾಮೆರಾ ಕೊಳ್ಳುವಾಗ ನನಗೆ ಅವನ ದಾರಿಯೇ ಸರಿ ಅನ್ನಿಸುತ್ತದೆ. ಲೆನ್ಸಿನ ಸುತ್ತ ಬರೆದಿರುವ ಅಂಕಿ ಓದು. ಎಫ್ 1.8 ಅಂತ ಇದ್ದರೆ, 3.5 ಇರುವುದಕ್ಕಿಂತ ಹತ್ತಿರ ಹತ್ತಿರ ನಾಲ್ಕು ಪಟ್ಟು ಬೆಳಕು ಒಳಗೆ ಬರುತ್ತದೆ.

2012ರಲ್ಲಿ ಬಂದ ಸೋನಿ ಆರ್‌ಎಕ್ಸ್100 ಈ ಎರಡನ್ನೂ ಜೇಬಿನೊಳಗೆ ತಂದಿತು. ಒಂದು ಇಂಚಿನ ಸೆನ್ಸರ್, 28 ಮಿ.ಮೀ. ನೋಟದಲ್ಲಿ ಎಫ್ 1.8, ಬ್ಯಾಟರಿ ಸೇರಿ 240 ಗ್ರಾಂ. ನಿನ್ನ ಬಜೆಟ್ಟಿಗೆ ಸೆಕೆಂಡ್‌ಹ್ಯಾಂಡಿನಲ್ಲಿ ನಾನು ಹೇಳುವುದು ಇದನ್ನೇ. ಕೊರತೆ ಇಲ್ಲದೆ ಇಲ್ಲ. ಝೂಮ್ ತುದಿಗೆ ಎಳೆದರೆ ಎಫ್ 4.9ಕ್ಕೆ ಹೋಗುತ್ತದೆ, ಬೆಳಕು ಏಳರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ರಾತ್ರಿ ಝೂಮ್ ಮುಟ್ಟದೆ ಹತ್ತಿರ ನಡೆದು ಹೋಗು. ಪರದೆ ಮಡಚುವುದಿಲ್ಲ. ಮೈ ಸಾಬೂನಿನಂತೆ ಜಾರುತ್ತದೆ, ನಾನು ಸೈಕಲ್ ಟ್ಯೂಬಿನ ಒಂದು ತುಂಡು ಕತ್ತರಿಸಿ ಬೆರಳು ಕೂರುವ ಕಡೆ ಅಂಟಿಸಿಕೊಂಡಿದ್ದೇನೆ. ಇನ್ನೊಂದಿಷ್ಟು ದುಡ್ಡು ಹೊಂದಿಸಲು ಆದರೆ ಕ್ಯಾನನ್ ಜಿ7 ಎಕ್ಸ್ ಮಾರ್ಕ್ 2 ನೋಡಬಹುದು. ಪರದೆ ಮೇಲಕ್ಕೂ ಕೆಳಕ್ಕೂ ಬಾಗುತ್ತದೆ, ಝೂಮ್ ತುದಿಯಲ್ಲೂ ಎಫ್ 2.8 ಉಳಿಯುತ್ತದೆ. ಆದರೆ ಈಚೆಗೆ ಹುಡುಗರ ಕಣ್ಣೆಲ್ಲ ಅದರ ಮೇಲೆ ಬಿದ್ದು ಬೆಲೆ ಏರಿಬಿಟ್ಟಿದೆ. ಹಳೆಯ ತೊಗರಿಕಾಳಿನ ಸೆನ್ಸರಿನವನ್ನೂ ‘ಡಿಜಿಕ್ಯಾಮ್’ ಎಂದು ಹೇಳಿ ಸಾವಿರಾರು ರೂಪಾಯಿ ಕೇಳುತ್ತಾರೆ, ಬೇಡ.

‘ಫೋನ್ ಇದೆಯಲ್ಲ’ ಅಂತ ನಿಮ್ಮಮ್ಮ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಊಟದ ಎಲೆ, ಮಕ್ಕಳ ನಗು, ಇದಕ್ಕೆಲ್ಲ ಒಳ್ಳೆಯ ಫೋನ್ ಸಾಕು. ಆದರೆ ಮಟಮಟ ಮಧ್ಯಾಹ್ನ ಒಬ್ಬರ ಮುಖ ತೆಗೆಯಬೇಕು, ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು ಅಂದುಕೋ. ಆಗ ಫ್ಲ್ಯಾಶ್ ಬೇಕು, ಫೋನಿನ ಪುಟ್ಟ ದೀಪ ಬಿಸಿಲಿನ ಮುಂದೆ ನಿಲ್ಲುವುದಿಲ್ಲ. ನಿನ್ನ ನಿಕಾನಿನಲ್ಲಿ ಮಾಮೂಲಾಗಿ ಸೆಕೆಂಡಿನ 1/250ಕ್ಕಿಂತ ಮೇಲೆ ಫ್ಲ್ಯಾಶ್ ಹೊಂದುವುದಿಲ್ಲ, ಬಿಸಿಲಿಗೆ ಅದು ಸಾಲದು. ಆರ್‌ಎಕ್ಸ್100ರ ಶಟರ್ ಲೆನ್ಸಿನೊಳಗೇ ಇರುವುದರಿಂದ 1/2000ದಲ್ಲೂ ಹೊಂದುತ್ತದೆ. ಬಿಸಿಲನ್ನು ತಗ್ಗಿಸಿ ಮುಖವನ್ನಷ್ಟೇ ಬೆಳಗಿಸಬಹುದು. ಕನ್ನಡಿ ಇಲ್ಲದ್ದರಿಂದ ಸದ್ದೂ ಇಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಮಾರುವ ಅಜ್ಜಿಯೊಬ್ಬರ ಮುಂದೆ ದೊಡ್ಡದನ್ನು ಎತ್ತಿದರೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತುಬಿಡುತ್ತಿದ್ದರು. ಚಿಕ್ಕದು ತಂದ ದಿನ ಅವರು ಮೊಳ ಹಾಕುವುದನ್ನು ನಿಲ್ಲಿಸಲೇ ಇಲ್ಲ. ಮೊಣಕೈಯಿಂದ ಬೆರಳ ತುದಿಗೆ ಹೂವು ಎಳೆದು, ಗಿರಾಕಿಯ ಮುಖ ನೋಡಿ, ಕೊನೆಗೆ ನಾಲ್ಕು ಬೆರಳು ಜಾಸ್ತಿ ಬಿಟ್ಟು ಹರಿಯುವರಲ್ಲ, ಆ ನಾಲ್ಕು ಬೆರಳು ಹೂವು ನನಗೆ ಅವತ್ತು ಸಿಕ್ಕಿತು.

ಹಳೆಯದನ್ನು ಕೊಳ್ಳುವಾಗ ಹೊರಮೈ ಗೀರು ನೋಡಿ ಹೆದರಬೇಡ, ಹೊಳಪು ನೋಡಿ ಮರುಳಾಗಲೂಬೇಡ. ಆನ್ ಮಾಡಿ, ಲೆನ್ಸ್ ಹೊರಬರುವ ಸದ್ದಿಗೆ ಕಿವಿಗೊಡು. ಕಟಕಟ ಅಂದರೆ, ನಡುವೆ ತಡೆದರೆ, ಅಲ್ಲಿಗೇ ಬಿಡು. ಹತ್ತು ಸಲ ಆನ್ ಆಫ್ ಮಾಡು, ಮಾರುವವರು ಮುಖ ಸಿಂಡರಿಸಿದರೂ ಸರಿ. ಆಮೇಲೆ ಎಫ್ 11ಕ್ಕೆ ಇಟ್ಟು ಬಿಳಿ ಗೋಡೆಯ ಒಂದು ಚಿತ್ರ ತೆಗೆದು ಹಿಗ್ಗಿಸಿ ನೋಡು. ಮಸುಕಾದ ಚುಕ್ಕೆ ಕಂಡರೆ ಸೆನ್ಸರಿನ ಮೇಲೆ ದೂಳು ಕೂತಿದೆ ಅಂತ. ನಿಕಾನಿನಲ್ಲಾದರೆ ಲೆನ್ಸ್ ಬಿಚ್ಚಿ ಊದುತ್ತೀಯ, ಇದರಲ್ಲಿ ಲೆನ್ಸ್ ಬಿಚ್ಚುವ ಹಾಗಿಲ್ಲ. ಇಡೀ ಕ್ಯಾಮೆರಾ ಕಳಚಿಸಬೇಕು, ಕೊಂಡ ಲಾಭ ರಿಪೇರಿಗೇ ಹೋಗುತ್ತದೆ. ಬ್ಯಾಟರಿ ಹೊರತೆಗೆದು ಮೇಜಿನ ಮೇಲಿಟ್ಟು ತಿರುಗಿಸು. ಬುಗುರಿಯಂತೆ ತಿರುಗಿದರೆ ಹೊಟ್ಟೆ ಉಬ್ಬಿದೆ, ಹೊಸದಕ್ಕೆ ದುಡ್ಡು ಕಳೆದು ಬೆಲೆ ಮಾತಾಡು. ಒಂದು ಹೆಚ್ಚಿನ ಬ್ಯಾಟರಿಯಂತೂ ಬೇಕೇ ಬೇಕು, ಚಿಕ್ಕದರ ಬ್ಯಾಟರಿ ಮುನ್ನೂರು ಚಿತ್ರಕ್ಕೆ ಸುಸ್ತಾಗುತ್ತದೆ.

ಕೊಂಡ ದಿನದಿಂದ ರಾ ಫೈಲಿನಲ್ಲೇ ತೆಗಿ. ಆಗ ಎರಡೂ ಕ್ಯಾಮೆರಾಗಳ ಬಣ್ಣವನ್ನು ಕಂಪ್ಯೂಟರಿನಲ್ಲಿ ಒಂದಕ್ಕೊಂದು ಹೊಂದಿಸಬಹುದು, ಕೊಕ್ಕರೆಯ ಪಕ್ಕ ದೋಣಿಯವನ ಕೈ ಇಟ್ಟರೂ ಒಂದೇ ಬೆಳಗಿನದು ಅನ್ನಿಸುತ್ತದೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಮಾರುಕಟ್ಟೆಯ ಹೂವಿನ ಸಾಲಿಗೆ ಬಾ. ನನ್ನದನ್ನೇ ನಿನ್ನ ಕೈಗೆ ಕೊಡುತ್ತೇನೆ, ಒಂದು ಗಂಟೆ ಓಡಾಡಿ ನೋಡು, ಆಮೇಲೆ ಅಂಗಡಿಗೆ ಹೋಗೋಣ. ದೊಡ್ಡದನ್ನು ಮನೆಯಲ್ಲೇ ಬಿಟ್ಟು ಬಾ.