ನಿಮ್ಮ ದೇಹದ ದಿನದ ಖರ್ಚು ಎಷ್ಟು?

"ನಾನು ತಿನ್ನುವುದೇ ಅಷ್ಟಕ್ಕಷ್ಟೆ, ನೀರು ಕುಡಿದರೂ ಮೈ ಬರುತ್ತದೆ" ಎಂದು ಕೊರಗುವ ಮಹಿಳೆಯರು ನಮ್ಮ ಮನೆಗಳಲ್ಲಿ ಕಡಿಮೆಯಿಲ್ಲ. ಅದೇ ಅಡುಗೆ ಉಣ್ಣುವ ಪತಿಯ ತೂಕ ಮಾತ್ರ ಇದ್ದಲ್ಲೇ ಇರುತ್ತದೆ. ಇದರಲ್ಲಿ ಆಶ್ಚರ್ಯವೇನಿಲ್ಲ. ಇಬ್ಬರ ದೇಹವೂ ದಿನವೊಂದಕ್ಕೆ ಖರ್ಚು ಮಾಡುವ ಕ್ಯಾಲೊರಿ ಒಂದೇ ಅಲ್ಲ. ಅದು ಎಷ್ಟೆಂದು ಪೆನ್ನು, ಕಾಗದ ಹಿಡಿದು ನೀವೇ ಅಂದಾಜು ಮಾಡಬಹುದು.

ನಾವು ಸುಮ್ಮನೆ ಮಲಗಿದ್ದರೂ ಹೃದಯ, ಮೆದುಳು, ಯಕೃತ್ತು, ಮೂತ್ರಪಿಂಡಗಳು ದುಡಿಯುತ್ತಲೇ ಇರುತ್ತವೆ. ಹೆಚ್ಚಿನವರಲ್ಲಿ ದಿನದ ಒಟ್ಟು ಖರ್ಚಿನ ಅರ್ಧಕ್ಕಿಂತ ಹೆಚ್ಚು ಭಾಗ ಇದಕ್ಕೇ ಹೋಗುತ್ತದೆ. ತಿಂದದ್ದು ಜೀರ್ಣವಾಗಲು ಸುಮಾರು ಶೇ. 10 ಬೇಕು. ಉಳಿದದ್ದು ನಡೆದಾಟಕ್ಕೆ, ಕೆಲಸಕ್ಕೆ. ಉಪವಾಸದ ದಿನ ಹಗಲೆಲ್ಲ ಮಲಗಿದ್ದರೆ ಶಕ್ತಿಯೇ ಖರ್ಚಾಗದು ಎಂಬ ಭಾವನೆ ಸರಿಯಲ್ಲ.

ವಿಶ್ರಾಂತಿಯ ಖರ್ಚನ್ನು ತಿಳಿಯಲು 1990ರಲ್ಲಿ ಪ್ರಕಟವಾದ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರವನ್ನು ಇಂದು ಹೆಚ್ಚಾಗಿ ಬಳಸುತ್ತಾರೆ. ಕಿಲೋದಲ್ಲಿ ನಿಮ್ಮ ತೂಕವನ್ನು 10ರಿಂದ, ಸೆಂಟಿಮೀಟರಿನಲ್ಲಿ ಎತ್ತರವನ್ನು 6.25ರಿಂದ ಗುಣಿಸಿ, ಎರಡನ್ನೂ ಕೂಡಿಸಿ. ವಯಸ್ಸನ್ನು 5ರಿಂದ ಗುಣಿಸಿ ಅದರಿಂದ ಕಳೆಯಿರಿ. ಕೊನೆಗೆ ಪುರುಷರು 5 ಕೂಡಿಸಬೇಕು, ಮಹಿಳೆಯರು 161 ಕಳೆಯಬೇಕು.

45 ವರ್ಷದ, 155 ಸೆಂ.ಮೀ. ಎತ್ತರದ, 70 ಕಿಲೋ ತೂಕದ ಗೃಹಿಣಿಯನ್ನು ತೆಗೆದುಕೊಳ್ಳಿ. 700 ಮತ್ತು 969 ಕೂಡಿಸಿ, 225 ಹಾಗೂ 161 ಕಳೆದರೆ 1283. ಅಷ್ಟೇ ವಯಸ್ಸು, ಅಷ್ಟೇ ತೂಕದ ಪತಿಯ ಎತ್ತರ 170 ಆಗಿದ್ದರೆ ಅವರದು 1543. ಏನೂ ಮಾಡದೆ ಕುಳಿತಿದ್ದರೂ 260 ಕ್ಯಾಲೊರಿಯ ಅಂತರ!

ಇನ್ನು ಇದನ್ನು ಚಟುವಟಿಕೆಯ ಅಂಕೆಯಿಂದ ಗುಣಿಸಬೇಕು. ಹೆಚ್ಚು ಹೊತ್ತು ಕುಳಿತೇ ಇರುವವರಿಗೆ 1.2, ಸ್ವಲ್ಪ ಓಡಾಟವಿದ್ದರೆ 1.375, ಸಾಧಾರಣ ದೈಹಿಕ ಶ್ರಮವಿದ್ದರೆ 1.55. ಹೆಚ್ಚಿನವರು ಎಡವುವುದು ಇಲ್ಲಿಯೇ. ಬೆಳಗ್ಗಿನಿಂದ ರಾತ್ರಿಯವರೆಗೆ ಅಡುಗೆಮನೆಯಲ್ಲೇ ಇರುವವರು ತಮ್ಮದು ಭಾರೀ ಶ್ರಮವೆಂದು ಬಗೆಯುತ್ತಾರೆ. ದಣಿವೇನೋ ನಿಜವೇ. ಆದರೆ ಬಾವಿಯಿಂದ ನೀರು ಸೇದಿ, ಕಡೆಯುವ ಕಲ್ಲಿನಲ್ಲಿ ಅಕ್ಕಿ ಅರೆದು, ಕಲ್ಲಿನ ಮೇಲೆ ಬಟ್ಟೆ ಒಗೆದ ನಮ್ಮ ಅಜ್ಜಿಯರ ಖರ್ಚು ಮಿಕ್ಸಿ, ವಾಷಿಂಗ್ ಮೆಷಿನ್ ಇರುವ ಮನೆಯಲ್ಲಿ ಆಗುವುದಿಲ್ಲ. ಮೇಲಿನ ಗೃಹಿಣಿಗೆ 1.2ರ ಲೆಕ್ಕದಲ್ಲಿ ಬರುವುದು ಸುಮಾರು 1540. 1.55 ಹಿಡಿದರೆ 1990. ತಪ್ಪು ಅಂಕೆ ಆರಿಸಿದ್ದಕ್ಕೆ ದಿನಕ್ಕೆ 450 ಕ್ಯಾಲೊರಿಯ ವ್ಯತ್ಯಾಸ. ಅವರು ಅರ್ಧ ಗಂಟೆ ನಡೆದರೆ ಖರ್ಚಾಗುವುದು ಸುಮಾರು 120. ಒಂದು ದೊಡ್ಡ ಚಮಚ ಎಣ್ಣೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ. ನಡಿಗೆಯಿಂದ ಬಂದವರು ಪ್ಲೇಟಿನಲ್ಲಿ ಎರಡು ಸಮೋಸ ಇಟ್ಟುಕೊಂಡರೆ ಲೆಕ್ಕ ತಲೆಕೆಳಗಾಗುತ್ತದೆ.

ಸೂತ್ರ ಕೊಡುವುದು ಅಂದಾಜು ಮಾತ್ರ. ಅದನ್ನು ತಕ್ಕಡಿಯಲ್ಲಿ ಪರೀಕ್ಷಿಸಿ. ಎರಡು ವಾರ, ತಿಂದದ್ದನ್ನೆಲ್ಲ ಬರೆದಿಡಿ. ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು, ಚಹಾದ ಸಕ್ಕರೆ ಕೂಡ. ದಿನಾ ಬೆಳಗ್ಗೆ ಶೌಚದ ನಂತರ, ಏನೂ ತಿನ್ನುವ ಮೊದಲು ತೂಕ ನೋಡಿ. ಉಪ್ಪು, ನೀರಿನಿಂದಾಗಿ ತೂಕ ದಿನಕ್ಕೊಂದು ತೋರಿಸಬಹುದು, ಗಾಬರಿ ಬೇಡ. ವಾರದ ಸರಾಸರಿ ನೋಡಿ. ಅದು ಬದಲಾಗದಿದ್ದರೆ ನೀವು ತಿನ್ನುತ್ತಿರುವುದೇ ನಿಮ್ಮ ಖರ್ಚು. ಒಂದು ಕಿಲೋ ಕೊಬ್ಬೆಂದರೆ ಸುಮಾರು 7700 ಕ್ಯಾಲೊರಿ. ಎರಡು ವಾರದಲ್ಲಿ ಅರ್ಧ ಕಿಲೋ ಕೊಬ್ಬು ಇಳಿದಿದ್ದರೆ ದಿನಕ್ಕೆ ಸುಮಾರು 275 ಕಡಿಮೆ ತಿಂದಿದ್ದೀರಿ ಎಂದರ್ಥ.

ಬೇಗ ಇಳಿಯಲೆಂದು ಒಂದೇ ಹೊತ್ತು ಉಂಡು ದಿನ ದೂಡಬೇಡಿ. ಕೊಬ್ಬಿನ ಜೊತೆ ಸ್ನಾಯುವೂ ಕರಗಿ ವಿಶ್ರಾಂತಿಯ ಖರ್ಚೇ ಇಳಿಯುತ್ತದೆ. ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ, ಬೆಳೆಯುವ ಮಕ್ಕಳಿಗೆ, ಥೈರಾಯ್ಡ್ ತೊಂದರೆ ಇರುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಔಷಧದ ಪ್ರಮಾಣವನ್ನು ಹಾಗೆಯೇ ಇಟ್ಟು ಊಟ ತಗ್ಗಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಅಂಥವರು ಊಟದಲ್ಲಿ ಒಂದು ರೊಟ್ಟಿ ಕಡಿಮೆ ಮಾಡುವ ಮೊದಲೇ ವೈದ್ಯರನ್ನು ಕಾಣಿರಿ.