ದಗಲೆಯ ಒಳಗೊಂದು ಗಾಳಿಯಾಡುವ ಅಂಗಿ

“ರಾತ್ರಿ ಆಟ ಡಾಕ್ಟ್ರೇ, ಬಿಸಿಲಿಲ್ಲವಲ್ಲ. ಮತ್ತೆ ಯಾಕೆ ಇಷ್ಟು ಸುಸ್ತು?” ಯಕ್ಷಗಾನದ ಹವ್ಯಾಸಿ ವೇಷಧಾರಿಗಳು ಆಗಾಗ ಕೇಳುವ ಪ್ರಶ್ನೆ ಇದು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಕಡೆ ನವೆಂಬರಿನಿಂದ ಪತ್ತನಾಜೆಯವರೆಗೆ ಆಟಗಳ ಕಾಲ. ಮೇಳದವರಷ್ಟೇ ಅಲ್ಲ, ಶಾಲಾ ಮಾಸ್ತರರು, ಬ್ಯಾಂಕಿನವರು, ಅಂಗಡಿಯವರು ಕೂಡ ಗೆಜ್ಜೆ ಕಟ್ಟುತ್ತಾರೆ. ನಾಲ್ಕು ಧೀಂಗಿಣ ಹೊಡೆದು ಚೌಕಿಗೆ ಬಂದರೆ ಬನಿಯನು ಹಿಂಡುವಷ್ಟು ಒದ್ದೆ!

ಬೆವರು ಸುರಿದ ಮಾತ್ರಕ್ಕೆ ಮೈ ತಂಪಾಗುವುದಿಲ್ಲ, ಅದು ಚರ್ಮದ ಮೇಲೆ ಆರಬೇಕು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ದೇಹದಿಂದ ಸುಮಾರು 580 ಕಿಲೊಕ್ಯಾಲೊರಿ ಶಾಖ ಹೊರಹೋಗುತ್ತದೆ. ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ನೀರು, ಉಪ್ಪು ನಷ್ಟವಾಗುವುದೇ ಹೊರತು ತಂಪಿಲ್ಲ. ಹೊತ್ತು ಮುಳುಗಿ ಸೆಕೆ ಇಳಿದಂತೆ ಗಾಳಿಯ ತೇವಾಂಶ ಏರುತ್ತದೆ. ಅಂಥ ಗಾಳಿಯಲ್ಲಿ ಬೆವರು ಬೇಗ ಆರದು. ಮೇಲಿಂದ ತುಂಬುತೋಳಿನ ದಪ್ಪ ದಗಲೆ, ಎದೆಪದಕ, ಭುಜಕೀರ್ತಿ, ಬಿಗಿದು ಕಟ್ಟಿದ ದಾರಗಳು. ಗಾಳಿಗೆ ದಾರಿ ಎಲ್ಲಿ?

ವೇಷದ ಅಂದ ಕೆಡಿಸಬೇಕೆಂದು ಯಾರೂ ಹೇಳುವುದಿಲ್ಲ. ಬದಲಾಗಬೇಕಾದುದು ಒಳಗಿನ ಅಂಗಿ. ಮನೆಯ ಬೈರಾಸನ್ನೂ ಟರ್ಕಿ ಟವೆಲನ್ನೂ ಒಟ್ಟಿಗೆ ಒಣಗಹಾಕಿ ನೋಡಿ, ಬೈರಾಸು ಎಷ್ಟೋ ಮೊದಲು ಒಣಗುತ್ತದೆ. ಎರಡೂ ಹತ್ತಿಯೇ, ವ್ಯತ್ಯಾಸ ನೇಯ್ಗೆಯದ್ದು. ಆದ್ದರಿಂದ ‘ಹತ್ತಿ’ ಎಂಬ ಹೆಸರನ್ನಷ್ಟೇ ನಂಬಬೇಡಿ. ಬಟ್ಟೆಯನ್ನು ಬಾಯಿಗೆ ಹಿಡಿದು ಊದಿದರೆ ಉಸಿರು ಆಚೆ ಬದಿಯ ಅಂಗೈಗೆ ತಾಗಬೇಕು. ಒಂದು ಹನಿ ನೀರು ಹಾಕಿದರೆ ಅದು ಮಣಿಯಂತೆ ನಿಲ್ಲದೆ ಬೇಗ ಹರಡಬೇಕು. ನುಣುಪಾದ ಪಾಲಿಯೆಸ್ಟರ್ ಬಟ್ಟೆ ಹೆಚ್ಚಾಗಿ ಈ ಪರೀಕ್ಷೆಯಲ್ಲಿ ಸೋಲುತ್ತದೆ. ಆಟಗಾರರು ತೊಡುವ ಸಣ್ಣ ರಂಧ್ರಗಳ ಪಾಲಿಯೆಸ್ಟರ್ ಮಾತ್ರ ಬೇರೆ. ಅದು ಬೆವರನ್ನು ಹೊರಬದಿಗೆ ಎಳೆದು ಬೇಗ ಒಣಗುತ್ತದೆ, ಆದರೆ ವಾಸನೆ ಹಿಡಿದುಕೊಳ್ಳುತ್ತದೆ. ತೆಳು ಹತ್ತಿ ಹಿತ, ಆದರೆ ಒದ್ದೆಯಾದರೆ ಮೈಗೆ ಅಂಟುತ್ತದೆ. ಅದಕ್ಕೇ ಎರಡು ಅಂಗಿ ಇರಲಿ, ವೇಷ ಬದಲಿಸುವಾಗ ಅಂಗಿಯೂ ಬದಲಾಗಲಿ.

ಹೊಲಿಗೆಯಲ್ಲಿ ದರ್ಜಿಗೆ ಹೇಳಬೇಕಾದ ಮಾತು ಹೆಚ್ಚಿಲ್ಲ. ಒಳ ಅಂಗಿ ತುಸು ಸಡಿಲವಿರಲಿ, ಕುತ್ತಿಗೆ ಅಗಲವಿರಲಿ. ದಗಲೆಯ ಕಂಕುಳಿನ ಹೊಲಿಗೆ ಬಿಚ್ಚಿ ಅದೇ ಬಣ್ಣದ ಬಲೆಬಟ್ಟೆಯ ತುಂಡೊಂದನ್ನು ಕೂರಿಸಬಹುದು. ಕೈ ಎತ್ತಿ ಇಳಿಸಿದಾಗ ಒಳಗಿನ ಬಿಸಿಗಾಳಿ ಅಲ್ಲಿಂದ ಹೊರಬೀಳುತ್ತದೆ. ಸಭೆಯಲ್ಲಿ ಕುಳಿತವರ ಕಣ್ಣಿಗೆ ಅದು ಬೀಳುವುದು ಕಷ್ಟ.

ಇನ್ನು ಚರ್ಮದ ಮಾತು. ದಗಲೆಯನ್ನು ದಿನಾ ಒಗೆಯಲಾಗದು. ಬಾಡಿಗೆಯ ವೇಷವಾದರೆ ನಿನ್ನೆ ಬೇರೊಬ್ಬರು ತೊಟ್ಟಿದ್ದೇ ಇಂದು ನಿಮಗೆ ಬರುತ್ತದೆ. ಬೆವರುಸಾಲೆ ತಾನಾಗಿ ಹೋದೀತು, ಆದರೆ ಗಜಕರ್ಣ ಬಟ್ಟೆಯಿಂದಲೂ ಹರಡುತ್ತದೆ, ಮನೆಯ ಹೆಂಡತಿ ಮಕ್ಕಳಿಗೂ ದಾಟುತ್ತದೆ. ನಿಮ್ಮದೇ ಆದ, ತೋಳಿರುವ ಒಳ ಅಂಗಿ ಇದಕ್ಕೆ ತಡೆ. ಆಟ ಮುಗಿದೊಡನೆ ಅದನ್ನು ಚೀಲದಲ್ಲಿ ತುರುಕಿಡದೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಕಜ್ಜಿ ಎದ್ದರೆ ಅಂಗಡಿಯಿಂದ ಸ್ಟೀರಾಯ್ಡ್ ಬೆರೆತ ಮುಲಾಮು ತಂದು ಹಚ್ಚಬೇಡಿ. ತುರಿಕೆ ಎರಡು ದಿನ ಅಡಗಿ ರೋಗ ಮಾತ್ರ ಒಳಗೊಳಗೇ ಹಬ್ಬುತ್ತದೆ. ಇಂಥ ಮುಲಾಮಿನಿಂದಲೇ ಕೆಟ್ಟ ಗಜಕರ್ಣ ಈಗ ಬಹಳ ಕಾಣುತ್ತಿದೆ.

ಅಂಗಿ ಎಷ್ಟೇ ಒಳ್ಳೆಯದಿದ್ದರೂ ಹೋದ ನೀರು ಮರಳಿ ಬರಲೇಬೇಕು. ಜೋರಾಗಿ ಕುಣಿಯುವವರು ಗಂಟೆಗೆ ಲೀಟರಿಗೂ ಮೀರಿ ಬೆವರಬಹುದು. ಉಪ್ಪು ಹಾಕಿದ ಗಂಜಿತಿಳಿ, ಮಜ್ಜಿಗೆ, ಬೊಂಡ, ಯಾವುದಾದರೂ ಆಗಬಹುದು. ಚಹಾದಲ್ಲೇ ರಾತ್ರಿ ಕಳೆಯುವುದು ಬೇಡ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇದ್ದವರು ಉಪ್ಪಿನ ವಿಷಯದಲ್ಲಿ ತಮ್ಮ ವೈದ್ಯರನ್ನು ಕೇಳಿಕೊಳ್ಳಬೇಕು.

ರಂಗದಲ್ಲಿ ಕುಸಿದವರಿಗೆಲ್ಲ ಸೆಕೆಯೇ ಕಾರಣವಲ್ಲ, ಹೃದಯದ ತೊಂದರೆಯೂ ಇರಬಹುದು. ಎದೆನೋವು ಎಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ತಲೆಸುತ್ತು, ವಾಕರಿಕೆ, ಮೀನಖಂಡದ ಸೆಳೆತ ಬಂದವರನ್ನು ಕೂಡಲೇ ಚೌಕಿಗೆ ಕರೆತಂದು ವೇಷ ಬಿಚ್ಚಿ ಗಾಳಿ ಹಾಕಿ. ಮಾತು ತೊದಲಿ, ಗೊಂದಲವಾಗಿ, ಮೈ ಸುಡುತ್ತಿದ್ದರೆ ಅದು ಶಾಖಾಘಾತ. ಮೈಮೇಲೆ ನೀರು ಸುರಿದು, ಕಂಕುಳು, ತೊಡೆಸಂದಿಗೆ ಮಂಜುಗಡ್ಡೆ ಇಟ್ಟು, ವಾಹನ ತರಿಸಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ಆ ಹೊತ್ತಿಗೆ ಒದ್ದೆಯಾಗಿ ಬಿಗಿದ ಗಂಟುಗಳನ್ನು ಬಿಡಿಸುತ್ತ ಕೂರಲು ಸಮಯವಿರುವುದಿಲ್ಲ, ಬಣ್ಣದ ಪೆಟ್ಟಿಗೆಯ ಪಕ್ಕ ಒಂದು ಹರಿತವಾದ ಕತ್ತರಿ ಇಟ್ಟುಕೊಳ್ಳಿ.