ಸೀಟು ಸಿಕ್ಕಿತು, ಮುಂದೇನು? ವಿಕಲಚೇತನ ವಿದ್ಯಾರ್ಥಿಗಳಿಗೊಂದು ಕೈಪಿಡಿ

ಪಿಯುಸಿ ಫಲಿತಾಂಶ ಬಂದ ಮೇಲೆ ವಿಕಲಚೇತನ ವಿದ್ಯಾರ್ಥಿಗಳ ಮನೆಗಳಲ್ಲಿ ಮಾತೆಲ್ಲ ಸೀಟಿನ ಸುತ್ತಲೇ ಇರುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳು ಕನಿಷ್ಠ ಶೇ 5ರಷ್ಟು ಸೀಟುಗಳನ್ನು ಶೇ 40 ಅಥವಾ ಅದಕ್ಕೂ ಹೆಚ್ಚಿನ ವೈಕಲ್ಯ ಇರುವವರಿಗೆ ಮೀಸಲಿಡಬೇಕು. ಗರಿಷ್ಠ ವಯೋಮಿತಿಯಲ್ಲಿ 5 ವರ್ಷದ ಸಡಿಲಿಕೆಯೂ ಉಂಟು. ಆದರೆ ಸೀಟು ಸಿಕ್ಕ ಮಾತ್ರಕ್ಕೆ ಓದು ಸುಗಮವಾಗುವುದಿಲ್ಲ. ತರಗತಿ ಲಿಫ್ಟ್ ಇಲ್ಲದ ಎರಡನೇ ಮಹಡಿಯಲ್ಲಿದ್ದರೆ, ಉತ್ತರ ಬರೆದುಕೊಡುವ ಲಿಪಿಕಾರರು ಯಾರೆಂದು ಪರೀಕ್ಷೆಯ ಹಿಂದಿನ ದಿನವೂ ಗೊತ್ತಾಗದಿದ್ದರೆ ಆ ಸೀಟಿನಿಂದ ಪ್ರಯೋಜನವೇನು? ಇದಕ್ಕೆ ಕಾಯ್ದೆಯಲ್ಲೇ ಉತ್ತರವಿದೆ: ಸಮಂಜಸ ಹೊಂದಾಣಿಕೆ. ಪ್ರತಿ ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಬದಲಾವಣೆಯನ್ನು ಸಂಸ್ಥೆಯೇ ಮಾಡಿಕೊಡಬೇಕೆಂಬುದು ಅದರ ತಿರುಳು. ಇದನ್ನು ಬಾಯಿಮಾತಿನಲ್ಲಿ ಕೇಳಿದರೆ ಉಪಕಾರವಾಗಿಬಿಡುತ್ತದೆ. ಬರೆದು, ದಿನಾಂಕ ಹಾಕಿ ಕೇಳಿದಾಗ ಅದು ಸಂಸ್ಥೆಯ ಕರ್ತವ್ಯವಾಗುತ್ತದೆ. ಮುಂದಿನ ಹೆಜ್ಜೆಗಳೆಲ್ಲ ಈ ಒಂದು ಮಾತನ್ನೇ ಆಧರಿಸಿವೆ.

ಹೆಜ್ಜೆ 1: ದಾಖಲೆ ಮತ್ತು ಕಾಲೇಜಿನ ಆಯ್ಕೆ

ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇಲ್ಲದಿದ್ದರೆ ಕೌನ್ಸೆಲಿಂಗ್‌ಗೆ ಕಾಯದೆ ಈಗಲೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ. ವೈದ್ಯಕೀಯ ತಪಾಸಣೆಗೆ ಸಮಯ ಹಿಡಿಯುತ್ತದೆ. ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಕಲಿಕಾ ನ್ಯೂನತೆ, ಆಟಿಸಂ, ಹಿಮೋಫಿಲಿಯಾ, ಮಾನಸಿಕ ಅಸ್ವಸ್ಥತೆಗಳೂ ಅದರಲ್ಲಿ ಸೇರಿವೆ. ಹೊರಗೆ ಕಾಣದ ವೈಕಲ್ಯ ಎಂದು ಸುಮ್ಮನಿರಬೇಡಿ. ಆಯ್ಕೆ ಪಟ್ಟಿ ತುಂಬುವ ಮೊದಲು ಕಾಲೇಜಿಗೆ ಒಮ್ಮೆ ಹೋಗಿ ಬನ್ನಿ. ಮುಖ್ಯದ್ವಾರದ ಇಳಿಜಾರು ಹಾದಿಯನ್ನಷ್ಟೇ ನೋಡಿ ತೃಪ್ತರಾಗಬೇಡಿ. ಗಾಲಿಕುರ್ಚಿ ಪ್ರಯೋಗಾಲಯದ ಬಾಗಿಲು ದಾಟುತ್ತದೆಯೇ, ಶೌಚಾಲಯದೊಳಗೆ ತಿರುಗುತ್ತದೆಯೇ, ಗ್ರಂಥಾಲಯ ಯಾವ ಮಹಡಿಯಲ್ಲಿದೆ ಎಂದು ನೋಡಿ. ಖಾಸಗಿ ಕಾಲೇಜಿಗೆ ಇದೆಲ್ಲ ಅನ್ವಯಿಸದು ಎಂಬ ವಾದ ಅರ್ಧ ಸತ್ಯ. ಅನುದಾನರಹಿತ ಕಾಲೇಜು ಶೇ 5ರ ಮೀಸಲಾತಿಯ ಹೊರಗಿರಬಹುದು. ಆದರೆ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳೆಲ್ಲ ಕಟ್ಟಡವನ್ನು ಸುಗಮಗೊಳಿಸಬೇಕು, ಹೊಂದಾಣಿಕೆ ಒದಗಿಸಬೇಕು ಎಂದು ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ.

ಹೆಜ್ಜೆ 2: ಮೊದಲ ವಾರದಲ್ಲೇ ಪತ್ರ

ಪ್ರಾಂಶುಪಾಲರಿಗೆ ಒಂದು ಪುಟದ ಮನವಿ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ‘ಸೂಕ್ತ ಸೌಲಭ್ಯ ನೀಡಿ’ ಎಂದಷ್ಟೇ ಬರೆದರೆ ಕಡತದಲ್ಲಿ ಮಲಗುತ್ತದೆ. ‘ನನ್ನ ವಿಭಾಗದ ತರಗತಿಗಳು ನೆಲಮಹಡಿಯಲ್ಲಿರಲಿ’, ‘ಬೋರ್ಡಿನ ಮೇಲೆ ಬರೆದದ್ದನ್ನು ಉಪನ್ಯಾಸಕರು ಓದಿ ಹೇಳಲಿ’, ‘ಟಿಪ್ಪಣಿಗಳು ಯೂನಿಕೋಡ್‌ನಲ್ಲಿರಲಿ’ ಎಂದು ಒಂದೊಂದನ್ನೂ ಬಿಡಿಸಿ ಬರೆಯಿರಿ. ಕೊನೆಯದು ಕನ್ನಡ ಮಾಧ್ಯಮದವರಿಗೆ ಬಹಳ ಮುಖ್ಯ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಟಿಪ್ಪಣಿ ಕಣ್ಣಿಗೆ ಅಚ್ಚ ಕನ್ನಡ. ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತೆರೆಯೋದುಗ ತಂತ್ರಾಂಶಕ್ಕೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅದೇ ಪಾಠ ಯೂನಿಕೋಡ್‌ನಲ್ಲಿದ್ದರೆ ಉಚಿತವಾಗಿ ಸಿಗುವ ಎನ್‌ವಿಡಿಎ ತಂತ್ರಾಂಶವೇ ಕನ್ನಡದಲ್ಲಿ ಓದಿ ಹೇಳುತ್ತದೆ. ಪುಸ್ತಕಗಳಿಗಾಗಿ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯಕ್ಕೆ ಸದಸ್ಯರಾಗಿ. ಮುದ್ರಿತ ಪುಸ್ತಕವನ್ನು ಓದಬಲ್ಲ ರೂಪಕ್ಕೆ ಪರಿವರ್ತಿಸುವುದಕ್ಕೆ 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯ್ದೆಯೇ ಅವಕಾಶ ಕೊಟ್ಟಿದೆ. ‘ಕಾಲೇಜಿನಲ್ಲಿ ಹಣವಿಲ್ಲ’ ಎಂಬ ಉತ್ತರ ಬರಬಹುದು. ಸಂಸ್ಥೆಗೆ ಹೊರಲಾರದ ಹೊರೆಯಾಗಬಾರದೆಂದು ಕಾಯ್ದೆಯೂ ಒಪ್ಪುತ್ತದೆ. ಆದರೆ ತರಗತಿಯನ್ನು ಕೆಳಮಹಡಿಗೆ ತರುವುದಕ್ಕೆ, ಫಾಂಟ್ ಬದಲಿಸುವುದಕ್ಕೆ ತಗಲುವ ಖರ್ಚಾದರೂ ಎಷ್ಟು?

ಹೆಜ್ಜೆ 3: ಪರೀಕ್ಷೆಯ ಸಿದ್ಧತೆ

ಪರೀಕ್ಷಾ ಶುಲ್ಕ ಕಟ್ಟುವಾಗಲೇ ಲಿಪಿಕಾರರಿಗೂ ಹೆಚ್ಚುವರಿ ಸಮಯಕ್ಕೂ ಅರ್ಜಿ ಸೇರಿಸಿ. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ, ಅಂದರೆ 3 ಗಂಟೆಯ ಪತ್ರಿಕೆಗೆ 1 ಗಂಟೆ ಹೆಚ್ಚುವರಿ ಸಿಗಬೇಕು. ‘ಇದು ಉಳಿದವರಿಗೆ ಅನ್ಯಾಯವಲ್ಲವೇ?’ ಎಂಬ ಆಕ್ಷೇಪ ಸಾಮಾನ್ಯ. ಅಂಧ ವಿದ್ಯಾರ್ಥಿ ಗಣಿತದ ಒಂದು ಮಾತೃಕೆಯನ್ನು ಹೇಳಿ ಬರೆಸುವುದನ್ನು ಊಹಿಸಿಕೊಳ್ಳಿ. ಅಡ್ಡಸಾಲು, ಕಂಬಸಾಲು, ಋಣ ಚಿಹ್ನೆ ಎಲ್ಲವನ್ನೂ ಉಚ್ಚರಿಸಬೇಕು, ಬರೆದದ್ದನ್ನು ಓದಿಸಿಕೊಳ್ಳಬೇಕು, ತಪ್ಪಿದ್ದರೆ ತಿದ್ದಿಸಬೇಕು. ಹೆಚ್ಚಿನ ಗಂಟೆ ಉತ್ತರ ಹೊಳೆಯಲೆಂದು ಕೊಟ್ಟದ್ದಲ್ಲ, ಹೊಳೆದ ಉತ್ತರ ಹಾಳೆಗೆ ಇಳಿಯಲೆಂದು ಕೊಟ್ಟದ್ದು. ವೈಕಲ್ಯ ಶೇ 40ಕ್ಕಿಂತ ಕಡಿಮೆ ಇದ್ದವರೂ ನಿರಾಶರಾಗಬೇಕಿಲ್ಲ. ಬರೆಯಲು ಕಷ್ಟವಿರುವ ಅಭ್ಯರ್ಥಿಗೆ ಆ ಮಿತಿ ತೋರಿಸಿ ಲಿಪಿಕಾರರನ್ನು ನಿರಾಕರಿಸುವಂತಿಲ್ಲ ಎಂದು ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಅದರಂತೆ 2022ರಲ್ಲಿ ಪ್ರತ್ಯೇಕ ಮಾರ್ಗಸೂಚಿಯೂ ಬಂತು. ಬರೆಯುವ ತೊಡಕನ್ನು ದೃಢೀಕರಿಸುವ ವೈದ್ಯಕೀಯ ಪ್ರಮಾಣಪತ್ರ ಬೇಕು. ಮಂಜೂರಾತಿ ಆದೇಶದ ಪ್ರತಿ ಪರೀಕ್ಷಾ ದಿನ ಕೈಯಲ್ಲಿರಲಿ. 2021ರ ಅವನಿ ಪ್ರಕಾಶ್ ಪ್ರಕರಣದಲ್ಲಿ ನೀಟ್ ಕೇಂದ್ರವೊಂದು ಹೆಚ್ಚುವರಿ ಗಂಟೆ ಕೊಡದೆ ಉತ್ತರ ಪತ್ರಿಕೆ ಕಿತ್ತುಕೊಂಡಿತ್ತು. ಆದದ್ದು ಅನ್ಯಾಯವೆಂದು ಕೋರ್ಟ್ ಒಪ್ಪಿದರೂ ಮರುಪರೀಕ್ಷೆಗೆ ಆದೇಶಿಸಲಿಲ್ಲ. ಕಳೆದ ಗಂಟೆಯನ್ನು ತೀರ್ಪೂ ಮರಳಿಸಲಾರದು.

ಹೆಜ್ಜೆ 4: ಸ್ಪಂದನೆ ಸಿಗದಿದ್ದರೆ

ಮೊದಲು ನೆನಪೋಲೆ ಕೊಡಿ. ಸಂಸ್ಥೆಯಲ್ಲಿ ಕುಂದುಕೊರತೆ ನಿವಾರಣಾ ಅಧಿಕಾರಿ ಇದ್ದಾರೆಯೇ ಎಂದು ವಿಚಾರಿಸಿ. ಇದ್ದರೆ ಅವರಿಗೆ ದೂರು ಸಲ್ಲಿಸಿ. ಅಲ್ಲೂ ಆಗದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರ ಕಚೇರಿಗೆ ಬರೆಯಿರಿ. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ದೂರು ಕೊಟ್ಟರೆ ಇಂಟರ್ನಲ್ ಅಂಕಕ್ಕೆ ಕತ್ತರಿ ಬಿದ್ದೀತು ಎಂಬ ಅಳುಕು ಸುಳ್ಳಲ್ಲ. ಅದಕ್ಕೇ ಆರಂಭದಿಂದ ಮುದ್ರೆ ಬಿದ್ದ ನಕಲುಗಳನ್ನು ಜೋಡಿಸಿಟ್ಟುಕೊಳ್ಳಬೇಕು, ಸಾಧ್ಯವಾದರೆ ಸಹಪಾಠಿಗಳೊಡನೆ ಒಟ್ಟಾಗಿ ಸಹಿ ಹಾಕಬೇಕು. ಕಾಲೇಜು ಆಡಳಿತಕ್ಕೂ ಒಂದು ಮನವಿ: ವಿದ್ಯಾರ್ಥಿ ಕೇಳಲಿ ಎಂದು ಕಾಯಬೇಡಿ. ಪ್ರವೇಶ ಅರ್ಜಿಯಲ್ಲೇ ‘ನಿಮಗೆ ಯಾವ ಹೊಂದಾಣಿಕೆ ಬೇಕು?’ ಎಂಬ ಕಾಲಂ ಸೇರಿಸಿ. ಈ ವರ್ಷದ ಅರ್ಜಿ ಅಚ್ಚಿಗೆ ಹೋಗುವ ಮುನ್ನ ಆ ಒಂದು ಸಾಲು ಸೇರಲಿ.